ಎಡಗೆನ್ನೆಯ ಗುಳಿ

ಜನವರಿ ೯

ಅಕ್ಕಾ,

ನಾನು ಕ್ಷೇಮ. ನೀನೂ ಕ್ಷೇಮ ಎಂದು ಬರೆದರೆ ನಂಬುವುದಿಲ್ಲ. ಆ ಸಾಲಿನ ಜಾಗ ಉಳಿಸಿ ಬೇರೆ ಏನಾದರೂ ಬರಿ.

ನಿನ್ನ ಫೈಲು ಕಂಕುಳಲ್ಲಿ ಇಟ್ಟುಕೊಂಡು ದೊಡ್ಡಾಸ್ಪತ್ರೆಗೆ ಹೋಗಿಬಂದೆ. ಆಸ್ಪತ್ರೆ ಎಂಬುದು ಆಸೆ ಮತ್ತು ಪತ್ರ ಕೂಡಿ ಆದ ಮಾತು ಎಂದು ನನಗೆ ಖಾತ್ರಿಯಾಗಿದೆ. ಆಸೆ ನಮ್ಮದು, ಪತ್ರ ಅವರದು. ಬಾಗಿಲಲ್ಲಿ ಒಂದು ಚೀಟಿ, ಅದನ್ನು ತೋರಿಸಿದರೆ ಇನ್ನೊಂದು ಚೀಟಿ, ಎರಡಕ್ಕೂ ಸೇರಿಸಿ ಪಿನ್ನು ಹೊಡೆಯುವವನು ಬೇರೆ ಮಹಡಿಯಲ್ಲಿ. ಸರದಿ ನೋಡಿದರೆ ಸರದಿಯೋ ಶರಧಿಯೋ ತಿಳಿಯದು, ಆಚೆ ದಡವೇ ಕಾಣುವುದಿಲ್ಲ. ನನ್ನ ಮುಂದೆ ನಿಂತಿದ್ದ ಬಡಗಿಯೊಬ್ಬರು ಹೆಂಡತಿಯ ಎಕ್ಸ್‌ರೇಯನ್ನು ಬಿಸಿಲಿಗೆ ಅಡ್ಡ ಹಿಡಿದುಕೊಂಡಿದ್ದರು. "ಎರಡು ತಿಂಗಳಿಂದ ಓಡಾಡ್ತಿದೀನಿ ಸ್ವಾಮಿ, ಇದರಿಂದ ಇವತ್ತು ಮೊದಲನೇ ಸಲ ಉಪಯೋಗ ಆಯ್ತು" ಎಂದರು.

ಕಡೆಗೆ ನಮ್ಮ ಪಾಲಿಗೆ ಬಂದದ್ದು ಏಳನೆಯ ಕಿಟಕಿ. ಅದರ ಹಿಂದಿನ ಗುಮಾಸ್ತರಿಗೆ ಕಿಟಕಿರಾಯರು ಎಂದು ಹೆಸರಿಟ್ಟಿದ್ದೇನೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದವರು ಮಧ್ಯದ ಕಿಟಕಿಯನ್ನು ಕಂಡಿರಲಿಲ್ಲ ಪಾಪ. ಕಿಟಕಿ ಹೇಳುವುದು 'ನಾಳೆ ಬನ್ನಿ.'

ವಿಷಯ ಇಷ್ಟು. ನಿನ್ನ ಪಿತ್ತಕೋಶದ ಪಕ್ಕದ ಗಡ್ಡೆಯಂಥದ್ದನ್ನು ತೆಗೆಯಬಲ್ಲವರು ಇಲ್ಲಿ ಇಬ್ಬರೇ ಡಾಕ್ಟರು. ಕಾದಿರುವವರು ಮುನ್ನೂರು ಚಿಲ್ಲರೆ. ಪ್ರತಿ ತಿಂಗಳ ಎರಡನೆಯ ಮಂಗಳವಾರ ಡಾಕ್ಟರುಗಳ ಮಂಡಳಿ ಕೂತು ಫೈಲು ನೋಡಿ ಮೂರು ಪಟ್ಟಿ ಮಾಡುತ್ತದೆ. ಮೊದಲನೆಯದು ತಕ್ಷಣ ಬೇಕಾದವರು, ಅವರನ್ನು ಕರೆತರಲು ಆಸ್ಪತ್ರೆಯ ವ್ಯಾನೇ ಹೋಗುತ್ತದೆ. ಎರಡನೆಯದು ಬೇಗ ಬೇಕಾದವರು. ಮೂರನೆಯದು ಕಾಯಬಲ್ಲವರು. ರೋಗಿ ಖುದ್ದು ಬರುವಂತಿಲ್ಲ, ಕಾಗದ ಬಂದರೆ ಸಾಕು.

ನಿಮ್ಮೂರ ಡಾಕ್ಟರ ಪತ್ರ ಇದೆ, ರಕ್ತದ ವರದಿ ಇದೆ. ಎದೆಮಟ್ಟದ ಒಂದು ಭಾವಚಿತ್ರ ಬೇಕಂತೆ. ಭಾವಚಿತ್ರ ಎಂದರೆ ಭಾವನ ಚಿತ್ರವಲ್ಲ, ನಿನ್ನದು. ಗುರುತಿಗಿರಬೇಕು. ಬೇರೆ ಯಾರೋ ಬಂದು ನಿನ್ನ ಮಂಚದ ಮೇಲೆ ಮಲಗಿಬಿಡಬಾರದಲ್ಲ. ಅಲ್ಲೇ ತೆಗೆಸು, ಆದರೆ ನೆಗೆಟಿವ್ ನನಗೆ ಕಳಿಸು. ಮೂವತ್ತೊಂದು ವರ್ಷ ಸ್ಟುಡಿಯೋದಲ್ಲಿ ಊರವರ ಮುಖ ತಿದ್ದಿದ ತಮ್ಮ ಇರುವಾಗ ನಿನ್ನ ಮುಖವನ್ನು ಇನ್ನೊಬ್ಬರು ತೊಳೆಯುವುದೇ?

ನಿನ್ನ,
ಕುಂಚ


ಜನವರಿ ೧೮

ಲೇ ಕುಂಚ,

ಕ್ಷೇಮ ಅನ್ನುವ ಸಾಲು ಬಿಟ್ಟಿದ್ದೇನೆ. ಈಗ ಬರೆಯಲು ಏನೂ ಉಳಿಯಲಿಲ್ಲ ನೋಡು.

ನಿನ್ನ ಭಾವ ನನಗೆ ತಮ್ಮ ಸೀಟಿ ಕೊಟ್ಟಿದ್ದಾರೆ. ಕಂಡಕ್ಟರ್ ಕೆಲಸದಿಂದ ನಿವೃತ್ತಿ ಆದಾಗ ಇಲಾಖೆಗೆ ವಾಪಸ್ ಕೊಡದೆ ಉಳಿಸಿಕೊಂಡ ಒಂದೇ ಒಂದು ಸರ್ಕಾರಿ ಆಸ್ತಿ. ಕೂಗಿ ಕರೆಯಲು ನನಗೆ ಉಸಿರು ಸಾಲುವುದಿಲ್ಲ. ಅದಕ್ಕೆ ದಿಂಬಿನ ಪಕ್ಕ ಸೀಟಿ. ಒಂದು ಊದಿದರೆ 'ಕೈಲಿರುವುದನ್ನು ನಿಲ್ಲಿಸಿ ಬನ್ನಿ.' ಎರಡು ಊದಿದರೆ 'ಆಯಿತು, ಹೊರಡಿ.' ನಿನ್ನೆ ಪಕ್ಕದ ಮನೆಯವರ ಸ್ಕೂಟರು ಒಂದು ಸೀಟಿಗೆ ಬ್ರೇಕು ಹಾಕಿ ನಿಂತಿತಂತೆ.

ಸ್ಟುಡಿಯೋಗೆ ಹನ್ನೊಂದು ಮೆಟ್ಟಿಲು. ಮೂವತ್ತು ವರ್ಷ ಗಣಿತ ಹೇಳಿದವಳು, ಎಣಿಸದೆ ಇರುತ್ತೇನೆಯೆ? ನಾಲ್ಕಕ್ಕೊಮ್ಮೆ ಕೂತೆ. ಫೋಟೋದವನು "ಸ್ವಲ್ಪ ನಗಿ ಮೇಡಂ" ಎಂದ. ಅದು ಈ ವರ್ಷದ ಪಠ್ಯದಲ್ಲಿ ಇಲ್ಲಪ್ಪ ಎಂದೆ.

ನೆಗೆಟಿವ್ ಇದರ ಜೊತೆಗಿದೆ. ಬೆಳಕಿಗೆ ಹಿಡಿದು ನೋಡಿದೆ, ಮುಖ ಕಪ್ಪು, ಕೂದಲು ಬಿಳಿ, ಒಂದೂ ಅರ್ಥವಾಗಲಿಲ್ಲ. ನೀನಾದರೂ ನನ್ನ ಗುರುತು ಹಿಡಿಯುತ್ತೀಯೋ ನೋಡು.

ಅಕ್ಕ


ಫೆಬ್ರುವರಿ ೨

ಅಕ್ಕಾ,

ಹಿಡಿದೆ. ಸ್ವಲ್ಪ ಹುಡುಕಬೇಕಾಯಿತು ಅಷ್ಟೆ.

ತಿದ್ದುವ ಮೇಜಿನ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಕೆಳಗೆ ದೀಪ ಹಾಕಿ, ಭೂತಗನ್ನಡಿ ಹಿಡಿದು ಕೂತೆ. ಆಮೇಲೆ ನಡೆದದ್ದಕ್ಕೆ ನಾನು ಹೊಣೆಯಲ್ಲ, ಕೈ ಹೊಣೆ. ಈ ಕೈ ಎಷ್ಟು ಮದುಮಕ್ಕಳ ಮೊಡವೆ ಅಳಿಸಿದೆ, ಎಷ್ಟು ಜನ ಯಜಮಾನರಿಗೆ ಕುತ್ತಿಗೆ ಕೊಟ್ಟಿದೆ! ನಿನಗೆ ಒಮ್ಮೆ ತೋರಿಸಿದ್ದೆನಲ್ಲ, ನೆಗೆಟಿವ್‌ನಲ್ಲಿ ಗುಳಿ ಇದ್ದ ಕಡೆ ಪೆನ್ಸಿಲ್ ಮೊನೆಯಿಂದ ಕೂದಲಿಗಿಂತ ಸಣ್ಣ ಗೆರೆ ಎಳೆಯುತ್ತ ಹೋದರೆ ಕಾಗದಕ್ಕೆ ಅಚ್ಚು ಹಾಕಿದಾಗ ಅಲ್ಲಿ ಬೆಳಕು ತುಂಬಿಕೊಳ್ಳುತ್ತದೆ. ಊಟಕ್ಕೆ ಮೊದಲು ಕೂತವನು ಎದ್ದಾಗ ಸಂಜೆಯ ಚಹಾ ಆರಿತ್ತು. ಕಣ್ಣ ಕೆಳಗಿನದು ತುಂಬಿದೆ. ಎರಡೂ ಕೆನ್ನೆ ತುಂಬಿದೆ. ಕುತ್ತಿಗೆಯ ಮೂಳೆ ಮುಚ್ಚಿದೆ. ಎಡಗೆನ್ನೆಯಲ್ಲಿ ಮಾತ್ರ, ನಿನಗೆ ನೌಕರಿ ಸಿಕ್ಕ ದಿನ ನಕ್ಕಾಗ ಎಷ್ಟು ಗುಳಿ ಬಿದ್ದಿತ್ತೋ ಅಷ್ಟು ಉಳಿಸಿದೆ. ಈಗ ನೋಡು, ತರಗತಿಗೆ ಹೊರಟ ಹಾಗಿದ್ದೀಯ, ಕೈಯಲ್ಲಿ ಬೆತ್ತ ಒಂದಿಲ್ಲ.

ಫೈಲು ಒಪ್ಪಿಸಿದೆ. ಕಿಟಕಿರಾಯರು ಚಿತ್ರವನ್ನು ಕನ್ನಡಕ ಏರಿಸಿ, ಇಳಿಸಿ ನೋಡಿದರು. "ಇಷ್ಟು ಲಕ್ಷಣವಾದ ಫೋಟೋ ಈ ಕಿಟಕಿಗೆ ಬಂದೇ ಇಲ್ಲ ಕಣ್ರೀ" ಎಂದರು. ಆ ಕಿಟಕಿಯಿಂದ ಹೊಗಳಿಕೆ! ಬೀಗುತ್ತ ಬಂದೆ.

ಭಾವನಿಗೆಂದು ಒಂದು ಸಣ್ಣ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಮಂಡಳಿ ಬರುವ ಮಂಗಳವಾರ ಕೂರುತ್ತದೆ. ವ್ಯಾನು ಬಂದರೆ ಸೀಟಿ ಊದುವುದು ಯಾರು, ಡ್ರೈವರಿನ ಪಕ್ಕ ಕೂರುವುದು ಯಾರು ಎಂದು ನೀವಿಬ್ಬರೂ ಈಗಲೇ ತೀರ್ಮಾನಿಸಿಕೊಳ್ಳಿ.

ನಿನ್ನ,
ಕುಂಚ


ಫೆಬ್ರುವರಿ ೯

ಲೇ ಕುಂಚ,

ಈ ಹೆಂಗಸು ಯಾರು? ನನ್ನ ಗಂಡನ ಅಂಗಿಯ ಜೇಬಿನಲ್ಲಿ ಏನು ಮಾಡುತ್ತಿದ್ದಾಳೆ?

ನಿನ್ನ ಭಾವ ಅವಳನ್ನು ಬೀದಿಗೆಲ್ಲ ತೋರಿಸಿಬಂದರು. ಔಷಧದ ಅಂಗಡಿಯವನಿಗೆ, ಇಸ್ತ್ರಿಯವನಿಗೆ, ನನ್ನ ರಕ್ತ ತೆಗೆಯಲು ಬರುವ ನರ್ಸಮ್ಮನಿಗೆ. ನರ್ಸಮ್ಮ ಚಿತ್ರ ನೋಡಿ, ನನ್ನನ್ನು ನೋಡಿ, ಮತ್ತೆ ಚಿತ್ರ ನೋಡಿ, "ನಿಮ್ಮ ತಂಗಿನಾ?" ಎಂದಳು. ಇವರು ಆ ದಿನ ಅವಳಿಗೆ ಕಾಫಿ ಕೊಡಲಿಲ್ಲ.

ಈಚೆಗೆ ಗಂಜಿ ಎರಡು ಚಮಚ ಹೋಗುತ್ತದೆ, ಮೂರನೆಯದು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಹೊಟ್ಟೆ ಮಾತ್ರ ಊದುತ್ತಿದೆ. ಕೈಕಾಲಿನಿಂದ ಕಳೆದದ್ದನ್ನೆಲ್ಲ ಅಲ್ಲಿ ಕೂಡುತ್ತಿದ್ದಾರೆ ಯಾರೋ.

ಕುಂಚ, ಆ ಚಿತ್ರವನ್ನು ಅವರು ಬರೀ ಗುರುತಿಗೇ ತಾನೆ ಕೇಳಿದ್ದು? ಸುಮ್ಮನೆ ಕೇಳಿದೆ. ಮಲಗಿದ್ದವಳಿಗೆ ತಲೆಯೊಂದೇ ಓಡಾಡುವುದು. ಬಿಡು.

ಅಕ್ಕ


ಫೆಬ್ರುವರಿ ೨೦

ಅಕ್ಕನಿಗೆ,

ಪಟ್ಟಿ ಹಾಕಿದ್ದಾರೆ. ನಿನ್ನ ಹೆಸರು ಮೂರನೆಯದರಲ್ಲಿದೆ. ಕಾರಣ ಬರೆಯುವುದಿಲ್ಲವಂತೆ. ಮತ್ತೆ ವಿಚಾರಿಸುತ್ತಿದ್ದೇನೆ.

ಔಷಧ ಬಿಡಬೇಡ. ಗಂಜಿ ಹೋಗದಿದ್ದರೆ ಗ್ಲೂಕೋಸಾದರೂ ಕುಡಿ. ಭಾವನಿಗೆ ಹೇಳು, ಆ ಚಿತ್ರವನ್ನು ಕಂಡವರಿಗೆಲ್ಲ ತೋರಿಸುವುದು ಬೇಡ.

ಕುಂಚ


ಮಾರ್ಚ್ ೩

ಪ್ರೀತಿಯ ಭಾವಮೈದುನನಿಗೆ ಆಶೀರ್ವಾದ.

ನಿನ್ನ ಅಕ್ಕನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ನನಗೆ ಟಿಕೆಟ್ಟಿನ ಹಿಂದೆ ಬರೆಯುವಷ್ಟೇ ಬರೆದು ಅಭ್ಯಾಸ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊ.

ಭಾನುವಾರ ರಕ್ತ ಕಾರಿದಳು. ಡಾಕ್ಟರು ಬಂದರು. ಹದಿನಾರು ಗಂಟೆ ಬಸ್ಸಿನಲ್ಲಿ ಕೂರಿಸಿದರೆ ಊರು ಮುಟ್ಟುವುದಿಲ್ಲ ಎಂದರು. ಮಲಗಿಸಿಕೊಂಡು ಹೋಗುವ ವ್ಯಾನು ಆಸ್ಪತ್ರೆಯಿಂದಲೇ ಬರಬೇಕು. ಮೊದಲನೆಯ ಪಟ್ಟಿಯಾದರೆ ಬರುತ್ತದೆ.

ನಾನು ಮೂವತ್ತಾರು ವರ್ಷ ಜನರ ಮುಖ ನೋಡಿ ಸೀಟು ಮಾಡಿಕೊಟ್ಟವನು. ಯಾರು ನಿಲ್ಲಬಲ್ಲರು, ಯಾರು ಬೀಳುತ್ತಾರೆ ಎಂದು ಬಾಗಿಲಿಂದಲೇ ಹೇಳುತ್ತಿದ್ದೆ. ಕಣ್ಣಿದ್ದವನು ಇವಳನ್ನು ಕಾಯಬಲ್ಲವಳು ಅನ್ನುತ್ತಾನೆಯೆ? ಏನು ನೋಡಿ ಹಾಗೆ ಬರೆದರು ಅವರು? ನೀನು ಒಂದು ಸಲ ಬಾಯಿಬಿಟ್ಟು ಕೇಳು. ಇಲ್ಲದಿದ್ದರೆ ನಾನೇ ಬಂದು ಆ ಕಿಟಕಿಯ ಗಾಜು ಒಡೆಯುತ್ತೇನೆ.

ಇಂತಿ ನಿನ್ನ ಭಾವ


ಮಾರ್ಚ್ ೮

ಅಕ್ಕಾ,

ಇದನ್ನು ನೀನೊಬ್ಬಳೇ ಇರುವಾಗ ಓದು.

ಪಟ್ಟಿ ನೋಡಿದ ದಿನವೇ ನಾನು ಕಿಟಕಿಗೆ ಹೋಗಿ ಕೂಗಾಡಿದ್ದೆ. ಕಿಟಕಿರಾಯರು ಎದ್ದು ಬಾಗಿಲು ತೆಗೆದು ನನ್ನನ್ನು ಒಳಗೆ ಕೂರಿಸಿಕೊಂಡರು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. ನನ್ನ ಮಾತಿನಲ್ಲಿ ಬರೆದರೆ ಮತ್ತೆ ತಿದ್ದಿಬಿಡುತ್ತೇನೆ.

"ಒಂದು ಗಂಟೆಗೆ ನಲವತ್ತು ಫೈಲು ನೋಡ್ತಾರೆ ಅವರು. ವರದಿ ಎಲ್ಲಾರ್ದೂ ಒಂದೇ ಥರ ಇರುತ್ತೆ. ಮೊದಲು ಫೋಟೋ ನೋಡ್ತಾರೆ, ಎಷ್ಟು ಇಳಿದುಹೋಗಿದಾರೆ ಅಂತ. ನಿಮ್ಮ ಅಕ್ಕಂದು ತೆಗೆದ ತಕ್ಷಣ ದೊಡ್ಡ ಡಾಕ್ಟರು, ಇವರು ಚೆನ್ನಾಗೇ ಇದಾರಲ್ಲ, ಇರಲಿ ಕಾಯ್ತಾರೆ, ಅಂದರು. ಅಷ್ಟೇ. ಮುಂದಿನ ಫೈಲು."

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದೆ. "ಇದ್ದ ಹಾಗೆ ಫೋಟೋ ಕೊಡಿ ಅಂತ ಯಾರಿಗೆ ಹೇಳಬೇಕು ಸ್ವಾಮಿ? ಎಲ್ಲಾರೂ ಇದ್ದ ಹಾಗೇ ಕೊಡ್ತಾರೆ" ಎಂದರು.

ಹದಿನಾರು ದಿನ ಇದನ್ನು ನುಂಗಿಕೊಂಡಿದ್ದೆ. ಸುಮ್ಮನೆ ಕೂತಿರಲಿಲ್ಲ, ಅದೊಂದು ನಂಬು. ಟರ್ಪೆಂಟೈನಿನಲ್ಲಿ ಹತ್ತಿ ಅದ್ದಿ ನೆಗೆಟಿವ್ ಒರೆಸಿದೆ. ಪೆನ್ಸಿಲಿನದೆಲ್ಲ ಒಂದೇ ಒರಸಿಗೆ ಹೋಯಿತು. ಕತ್ತಲೆ ಕೋಣೆಯಲ್ಲಿ ಕಾಗದವನ್ನು ತಟ್ಟೆಯಲ್ಲಿ ಚಿತ್ರ ಮೂಡಿಸುವ ರಸಾಯನಕ್ಕೆ ಬಿಟ್ಟು ತೂಗುತ್ತ ನಿಂತೆ. ಮೊದಲು ಕಣ್ಣು ಬಂತು. ಆಮೇಲೆ ಕೆನ್ನೆ ಬರಬೇಕು, ಬರಲಿಲ್ಲ. ಅಲ್ಲಿ ಕಪ್ಪು ಬಂತು. ಅಕ್ಕಾ, ತಿದ್ದುವಾಗ ನಾನು ನಿನ್ನ ಮುಖ ನೋಡಿರಲೇ ಇಲ್ಲ. ಎಲ್ಲಿ ತುಂಬಬೇಕು ಎಂದಷ್ಟೇ ನೋಡಿದ್ದೆ.

ಆ ಚಿತ್ರ ಹಿಡಿದುಕೊಂಡು ಹೋದೆ. ಮಂಡಳಿ ಒಮ್ಮೆ ಬರೆದದ್ದನ್ನು ಮೂರು ತಿಂಗಳು ತೆರೆಯುವಂತಿಲ್ಲವಂತೆ, ನಿಯಮ. ಜೂನಿನಲ್ಲಿ ಕೊಡಿ ಎಂದರು ಕಿಟಕಿರಾಯರು. ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ನೋಡಿ, "ಇವೆರಡೂ ಒಬ್ಬರದೇ ಅಂತ ಯಾರು ನಂಬ್ತಾರೆ? ಬೇರೆ ರೋಗಿ ಫೋಟೋ ತಂದಿದಾನೆ ಅಂತ ಫೈಲೇ ತಳ್ಳಿಹಾಕ್ತಾರೆ" ಎಂದರು. ದೊಡ್ಡ ಡಾಕ್ಟರನ್ನು ಮೊಗಸಾಲೆಯಲ್ಲಿ ಅಡ್ಡಗಟ್ಟಿದೆ. ನಿಲ್ಲದೆ, "ಅರ್ಜಿ ಕೊಡಿ" ಎಂದರು. ಕೊಟ್ಟೆ. ಅರ್ಜಿಯ ಕಿಟಕಿ ಅದೇ ಏಳನೆಯದು.

ಭಾವ ಪತ್ರ ಬರೆದಿದ್ದಾರೆ, ಏನು ನೋಡಿ ಹಾಗೆ ಬರೆದರು ಎಂದು ಕೇಳಿ. ಅವರಿಗೆ ಏನು ಉತ್ತರ ಬರೆಯಲಿ?

ಕುಂಚ


ಮಾರ್ಚ್ ೧೬

ಕುಂಚ,

ಅಕ್ಷರ ಸೊಟ್ಟಗಿದ್ದರೆ ಅಂಕ ಕಳೆಯಬೇಡ. ಮಲಗಿಕೊಂಡೇ ಬರೆಯುತ್ತಿದ್ದೇನೆ, ಮೂರು ದಿನದಿಂದ.

ನನಗೆ ಗೊತ್ತಿತ್ತು. ಫೆಬ್ರುವರಿ ಇಪ್ಪತ್ತರ ನಿನ್ನ ಪತ್ರದಲ್ಲಿ ಒಂದೇ ಒಂದು ತಮಾಷೆ ಇರಲಿಲ್ಲ. ಅಪ್ಪ ಹೋದ ದಿನವೂ ನೀನು ಒಂದು ಹಾರಿಸಿದ್ದೆ.

ಸಿಟ್ಟು ಬರಲಿಲ್ಲ ಎಂದು ಬರೆಯಬೇಕು ಅಂದುಕೊಂಡೆ. ಬಂತು. ಎರಡು ದಿನ ಇತ್ತು. ನಿನ್ನ ಕೈ ಮುರಿಯಬೇಕು ಅನಿಸಿತು. ಮೂರನೆಯ ದಿನ ಸಿಟ್ಟು ಮಾಡಲೂ ಮೈಯಲ್ಲಿ ಕಸುವು ಸಾಲಲಿಲ್ಲ. ಅದನ್ನು ಕ್ಷಮೆ ಅಂದುಕೊಳ್ಳಬೇಡ. ಅಲ್ಲ ಅಂತಲೂ ಅಂದುಕೊಳ್ಳಬೇಡ. ಮುನ್ನೂರು ಜನರನ್ನು ಮುಖ ನೋಡಿ ಮೂರು ಪಾಲು ಮಾಡುವವರ ತಪ್ಪೆಷ್ಟು, ನಿನ್ನದೆಷ್ಟು ಎಂದು ಭಾಗಾಕಾರ ಮಾಡಲು ಹೊರಟೆ, ಶೇಷ ಉಳಿಯುತ್ತಲೇ ಹೋಯಿತು. ಬಿಟ್ಟುಬಿಟ್ಟೆ. ನನಗೆ ಬದುಕಬೇಕು ಅಂತ ಬಹಳ ಇತ್ತು ಕಣೋ. ಇದನ್ನು ಯಾರಿಗೂ ಹೇಳಿರಲಿಲ್ಲ.

ಎರಡು ಮಾತು ನಡೆಸಿಕೊಡು.

ಒಂದು. ನಿನ್ನ ಭಾವನಿಗೆ ಇದು ಎಂದಿಗೂ ತಿಳಿಯಬಾರದು. ಅವರು ಆಸ್ಪತ್ರೆಯ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡಲಿ, ಅದರ ಬೆನ್ನು ದಪ್ಪ, ತಡೆಯುತ್ತದೆ. ನಿನ್ನ ಮೇಲೆ ಮಾಡಿದರೆ ನಾಳೆ ಅವರಿಗೆ ಹಬೆಯಾಡುವ ಅನ್ನ ಹಾಕುವವರು ಯಾರು? ನನ್ನ ನಂತರ ಅವರಿಗೆ ಇರುವವನು ನೀನೊಬ್ಬನೇ.

ಎರಡು. ಇನ್ನು ನನ್ನ ಮುಖ ಮುಟ್ಟಬೇಡ. ಒರೆಸಿದ್ದು ಒರೆಸಿದ್ದಾಯಿತು, ಹಾಗೇ ಇರಲಿ.

ಜೂನಿನ ಅರ್ಜಿಗೆ ಓಡಾಡುವುದು ಬಿಟ್ಟು ಒಂದು ಸಲ ಬಾ. ಪೆನ್ಸಿಲು ಅಲ್ಲೇ ಬಿಟ್ಟು ಬಾ.

ಅಕ್ಕ


ಏಪ್ರಿಲ್ ೨೮

ಪ್ರೀತಿಯ ಭಾವಮೈದುನನಿಗೆ,

ನೀನು ಊರಿಗೆ ಮರಳಿ ಎಂಟು ದಿನ ಆಯಿತು. ಮುಟ್ಟಿದ ಬಗ್ಗೆ ಒಂದು ಗೆರೆ ಬರೆಯಲಿಲ್ಲ.

ನೀನು ಇದ್ದಾಗ ಹೇಳಲು ಆಗಲಿಲ್ಲ, ಈಗ ಬರೆಯುತ್ತೇನೆ. ಆ ದಿನ ಬೆಳಿಗ್ಗೆ ನೀನು ಔಷಧ ತರಲು ಹೋಗಿದ್ದೆಯಲ್ಲ, ಆಗ ಅವಳು ಒಂದು ಸೀಟಿ ಊದಿದಳು. ನಾನು ಅಡುಗೆಮನೆಯಲ್ಲಿದ್ದೆ. ಹಾಲು ಉಕ್ಕುತ್ತಿತ್ತು. ಅದನ್ನು ಇಳಿಸಿ ಹೋಗೋಣ ಎಂದು ನಿಂತೆ. ಅಷ್ಟರಲ್ಲಿ ಎರಡು ಸೀಟಿ ಬಂತು. ಸರಿ, ಏನೂ ಬೇಡವೇನೋ, ಹೊರಡಿ ಅಂತಿದ್ದಾಳೆ ಎಂದುಕೊಂಡು ಪಾತ್ರೆ ಒರೆಸಿ ಇಟ್ಟು ಹೋದೆ. ಯಾರು ಹೊರಟದ್ದು ಎಂದು ಒಳಗೆ ಹೋದ ಮೇಲೆ ತಿಳಿಯಿತು. ಒಂದು ಲೋಟ ಹಾಲಿಗೆ ನಿಂತೆ ನಾನು. ಇದನ್ನು ಯಾರಿಗಾದರೂ ಹೇಳಲೇಬೇಕಿತ್ತು. ನಿನ್ನನ್ನು ಬಿಟ್ಟು ಯಾರಿಗೆ ಹೇಳಲಿ? ನಿನ್ನ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಕ್ಕಿಲ್ಲ, ನೀನು ಆಸ್ಪತ್ರೆಗೆ ಸವೆಸಿದ ಚಪ್ಪಲಿ ನಾನು ನೋಡಿದ್ದೇನೆ.

ಈಗ ಒಂದು ಉಪಕಾರ. ಗೋಡೆಗೆ ಅವಳ ಚಿತ್ರ ಬೇಕು. ನೀನು ಆಸ್ಪತ್ರೆಗೆಂದು ಮಾಡಿದ್ದೆಯಲ್ಲ, ಅದೇ. ಜೇಬಿನಲ್ಲಿಟ್ಟುಕೊಂಡು ನನ್ನ ಪ್ರತಿ ಬೆವರಿಗೆ ಬಿರುಕುಬಿಟ್ಟು ಮುಖ ಎರಡು ಭಾಗವಾಗಿದೆ. ದೊಡ್ಡದಾಗಿ ಮಾಡಿ ಕಳಿಸು. ಕೊನೆಯ ತಿಂಗಳುಗಳಲ್ಲಿ ನಾನು ಬೇರೆಯದನ್ನು ಸಾಕಷ್ಟು ನೋಡಿದ್ದೇನೆ. ಅದರಲ್ಲಿ ಮಾತ್ರ ಅವಳು ಚೆನ್ನಾಗಿದ್ದಾಳೆ.

ಇಂತಿ ನಿನ್ನ ಭಾವ


ಮೇ ೧೪

ಪೂಜ್ಯ ಭಾವನವರಿಗೆ,

ಚಿತ್ರ ಪಾರ್ಸೆಲಿನಲ್ಲಿ ಕಳಿಸಿದ್ದೇನೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ.

ಹಾಲಿನ ವಿಷಯ ಇನ್ನೊಮ್ಮೆ ಯಾರ ಮುಂದೆಯೂ ಎತ್ತಬೇಡಿ. ನಿಮ್ಮದು ಏನೂ ತಪ್ಪಿಲ್ಲ. ಬೇರೆ ಯಾರು ಹೇಳಿದರೂ ನಂಬಬೇಡಿ, ನಾನು ಹೇಳುತ್ತಿದ್ದೇನೆ, ನಂಬಿ.

ನೀವು ಕೇಳಿದ ಚಿತ್ರದ ಒಳ್ಳೆಯ ಪ್ರತಿ ಇದ್ದದ್ದು ಆಸ್ಪತ್ರೆಯ ಫೈಲಿನಲ್ಲಿ. ಅದನ್ನೇ ಬಿಡಿಸಿಕೊಳ್ಳೋಣ ಎಂದು ಏಳನೆಯ ಕಿಟಕಿಗೆ ಹೋದೆ. ಒಳಗೆ ಹೋದ ಕಾಗದ ಹೊರಗೆ ಬರುವುದಿಲ್ಲವಂತೆ. ರೋಗಿ ಇನ್ನೂ ಪಟ್ಟಿಯಲ್ಲಿದ್ದಾರೆ ಎಂದರು. ಇಲ್ಲ ಎಂದೆ. ಹಾಗಾದರೆ ಮರಣಪತ್ರ ತನ್ನಿ, ಹೆಸರು ತೆಗೆಯುತ್ತೇವೆ ಎಂದರು. ತರುತ್ತೇನೆ ಎಂದು ಹೇಳಿ ಬಂದೆ. ಮತ್ತೆ ಹೋಗಿಲ್ಲ. ಅಕ್ಕ ಅಲ್ಲಿ ಈಗಲೂ ಕಾಯಬಲ್ಲವರ ಪಟ್ಟಿಯಲ್ಲಿ ಇದ್ದಾಳೆ.

ಮನೆಯಲ್ಲಿ ನೆಗೆಟಿವ್ ಇತ್ತು, ಆದರೆ ಅದರ ಮೇಲೆ ಮೊದಲು ಮಾಡಿದ್ದ ಕೆಲಸ ಅಳಿಸಿಹೋಗಿತ್ತು. ಹೊಸದಾಗಿ ಮಾಡಬೇಕಾಯಿತು. ಹೋದ ಸಲ ಒಂದು ಮಧ್ಯಾಹ್ನದಲ್ಲಿ ಮುಗಿದಿತ್ತು. ಈ ಸಲ ಒಂಬತ್ತು ದಿನ ಹಿಡಿಯಿತು. ಮೊದಲ ನಾಲ್ಕು ದಿನ ಪೆನ್ಸಿಲು ಚೂಪು ಮಾಡುವುದರಲ್ಲೇ ಕಳೆದೆ. ಅವಳು ಒಂದು ಮಾತು ಹೇಳಿದ್ದಳು, ಅದು ಅಡ್ಡ ಬರುತ್ತಿತ್ತು. ಇನ್ನೊಂದು ಮಾತೂ ಹೇಳಿದ್ದಳು. ಎರಡನ್ನೂ ನಡೆಸಲು ಆಗಲಿಲ್ಲ.

ಕಣ್ಣ ಕೆಳಗೆ, ಬಲಗೆನ್ನೆ, ಕುತ್ತಿಗೆ, ಎಲ್ಲ ನಿಮ್ಮ ಜೇಬಿನ ಚಿತ್ರದಂತೆಯೇ ಇದೆ. ಎಡಗೆನ್ನೆಯೊಂದನ್ನು ಮುಟ್ಟಿಲ್ಲ. ಅಲ್ಲಿ ಇರುವುದು ಅವಳ ನಗುವಿನ ಗುಳಿಯಲ್ಲ. ಹತ್ತಿರ ಹೋದರೆ ತಿಳಿಯುತ್ತದೆ, ದೂರದಿಂದ ನಗುವಿನ ಹಾಗೇ ಕಾಣುತ್ತದೆ. ನಿಮ್ಮ ಕುರ್ಚಿಯಿಂದ ಕಾಣುವಷ್ಟು ಎತ್ತರಕ್ಕೆ ಮೊಳೆ ಹೊಡೆಯಿರಿ. ಹತ್ತಿರ ಹೋಗಿ ನೋಡಿದರೆ, ನೋಡಿದ ಮೇಲೆ ಕೇಳಬೇಕು ಅನಿಸಿದರೆ, ನನ್ನನ್ನೇ ಕೇಳಿ.

ನಿಮ್ಮ,
ಕುಂಚ